ಊಟದ ಡಬ್ಬಿಯ ವಾಸನೆ ಬರುವ ರಸ್ತೆ

ನಮ್ಮ ಪಕ್ಕದ ಮನೆಯ ಮಾಮನಿಗೆ ಒಂದು ಮೂಗಿತ್ತು. ಎಲ್ಲರಿಗೂ ಇರುತ್ತದಲ್ಲ ಎನ್ನಬೇಡಿ. ಅಂಥ ಮೂಗು ಡೊಂಬಿವಲಿಯಲ್ಲಿ ಇನ್ನೊಂದಿರಲಿಲ್ಲ. ಅವರು ಲೋಕಲ್ ರೈಲಿನ ಬಾಗಿಲಲ್ಲಿ ನಿಂತರೆ, ಮೂಗು ಠಾಣೆಯಲ್ಲಿ ಇಳಿದು ಚಹಾ ಕುಡಿದು ಮುಗಿಸುವ ಹೊತ್ತಿಗೆ ಮಾಮ ಇನ್ನೂ ಮುಂಬ್ರಾ ದಾಟುತ್ತಿದ್ದರು. ಎಂಥ ಮಳೆಯಲ್ಲೂ ಆ ಮೂಗಿನ ಕೆಳಗಿನ ಮೀಸೆ ನೆನೆದದ್ದನ್ನು ಯಾರೂ ನೋಡಿಲ್ಲ. ಆದರೆ ಇಷ್ಟು ದೊಡ್ಡ ಅಂಗಡಿ ತೆರೆದಿಟ್ಟು ಒಳಗೆ ಸಾಮಾನೇ ಇರಲಿಲ್ಲ. ಮಾಮನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಮಲ್ಲಿಗೆ ಇಲ್ಲ, ಬಂಗುಡೆ ಇಲ್ಲ, ಮೂರು ದಿನ ಒಗೆಯದ ನನ್ನ ತಮ್ಮನ ಸಾಕ್ಸ್ ಕೂಡ ಇಲ್ಲ.

ಹೆಸರು ಬರೆಯುವುದಿಲ್ಲ. "ಹೆಸರು ಹಾಕಿದ್ರೆ ನೀನು ಎಳೆದದ್ದನ್ನೆಲ್ಲ ಅವರ ತಲೆಗೆ ಕಟ್ಟಿದ ಹಾಗೆ ಆಗ್ತದೆ" ಎಂದು ಮಾಮಿ ಮೊದಲೇ ಹೇಳಿದ್ದಾರೆ. ಮಾಮಿ ಎಂದರೆ ಆ ಮೂಗಿನ ಧರ್ಮಪತ್ನಿ. ನಾನು ಸುಳ್ಳು ಹೇಳುವವಳಲ್ಲ. ಇದ್ದದ್ದನ್ನು ಸ್ವಲ್ಪ ಲಟ್ಟಿಸುತ್ತೇನೆ, ಅಷ್ಟೇ. ಉಂಡೆಯನ್ನು ಉಂಡೆಯಾಗಿಯೇ ಬಿಟ್ಟರೆ ಹಪ್ಪಳ ಆಗುವುದು ಹೇಗೆ? ಇಂಗ್ಲಿಷ್ ಮೀಡಿಯಮ್ಮಿನ ನನಗೆ ಕನ್ನಡ ಅಕ್ಷರ ಕಲಿಸಿದವರೂ ಮಾಮಿಯೇ. ಇಲ್ಲಿ ತಪ್ಪುಗಳಿದ್ದರೆ ದೂರನ್ನು ಅವರ ಬಾಗಿಲಿಗೆ ಒಯ್ಯಿರಿ.

ಮಾಮನ ಕೆಲಸ ಡಾಂಬರು ರಸ್ತೆ ಹಾಕಿಸುವುದು. ನವಿ ಮುಂಬೈ ಕಡೆಯ ಒಂದು ಕಂಟ್ರಾಕ್ಟ್ ಕಂಪೆನಿಯಲ್ಲಿ ಸೈಟ್ ಇಂಜಿನಿಯರ್. ಉಡುಪಿ ಕಡೆಯವರೆಲ್ಲ ಇಲ್ಲಿ ಹೋಟೆಲನ್ನೇ ಇಡುತ್ತಾರೆ ಎಂದು ನಂಬಿದವರು "ನಿಮ್ಮ ಹೋಟೆಲ್ ಎಲ್ಲಿ?" ಎಂದು ಕೇಳುತ್ತಿದ್ದರು. ಮಾಮನ ಉತ್ತರ ಸಿದ್ಧವಿರುತ್ತಿತ್ತು: "ನಾನೂ ಅದನ್ನೇ ಮಾಡುವುದು ಮಾರಾಯ್ರೆ. ದೊಡ್ಡ ಬಾಣಲೆ, ಕಪ್ಪು ಎಣ್ಣೆ. ಜಲ್ಲಿ ಹುರಿದು ಎಣ್ಣೆಯಲ್ಲಿ ಕಲಸಿ ರಸ್ತೆಗೆ ಬಡಿಸ್ತೇನೆ. ಗಿರಾಕಿಗಳು ಮಾತ್ರ ಟಯರ್ ಹಾಕಿಕೊಂಡು ಬರ್ತಾರೆ."

ಆ ಕಪ್ಪು ಎಣ್ಣೆಯ ಹೊಗೆಯಲ್ಲಿ ನಿಂತು ನಿಂತು ಮೂಗು ಹೋಯಿತು ಎಂಬುದು ಮಾಮನ ನಂಬಿಕೆ. ಠಾಣೆಯ ಡಾಕ್ಟರು ಹಾಗೆ ಬರೆದುಕೊಡಲು ಒಪ್ಪಲಿಲ್ಲ. "ಇದೇ ಕಾರಣ ಅಂತ ಹೇಳ್ಲಿಕ್ಕೆ ಆಗುವುದಿಲ್ಲವಂತೆ" ಎಂದು ಮಾಮ ಮೆಟ್ಟಿಲು ಹತ್ತುತ್ತಾ ಹೇಳಿದ್ದರು. "ಅವರಿಗೆ ಆಗುವುದಿಲ್ಲ. ನನಗೆ ಆಗ್ತದೆ."

ಹಾಗಾಗಿ ಸಂಜೆ ಹೊತ್ತು ನಾನೇ ಅವರ ಮೂಗು. ಕೆಲಸ ಮುಗಿಸಿ ಬಂದು ಗ್ಯಾಲರಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುವರು. ನಮ್ಮ ಗ್ಯಾಲರಿ, ಅವರ ಗ್ಯಾಲರಿ ನಡುವೆ ಒಂದು ಗ್ರಿಲ್.

"ಹೆಣ್ಣೇ, ಇವತ್ತು ಎಲ್ಲಿ ಎಂತ ಆಗ್ತಾ ಉಂಟು, ಹೇಳು ನೋಡುವ."

ನಾನು ರೇಡಿಯೋದವರಂತೆ ಗಂಟಲು ಸರಿಪಡಿಸಿಕೊಳ್ಳುತ್ತಿದ್ದೆ. "ಕೆಳಗಿನ ಕಾಕೂ ಮನೆಯಲ್ಲಿ ಬಟಾಟೆ ಭಾಜಿ, ಸಾಸಿವೆ ಜಾಸ್ತಿ ಸಿಡಿಸಿದ್ದಾರೆ, ಒಂದು ಸಾಸಿವೆ ಹಾರಿ ಕಲ್ಯಾಣ್ ಜಂಕ್ಷನ್ನಿನಲ್ಲಿ ಬಿದ್ದಿದೆ. ಚೇರ್ಮನ್ ಮಾವನ ಮನೆಯಲ್ಲಿ ಬಂಗುಡೆ ಪುಳಿಮುಂಚಿ. ಆ ಹುಣಸೆಹುಳಿಗೆ ಎದುರು ಬಿಲ್ಡಿಂಗಿನ ಗೋಡೆಯ ಬಣ್ಣ ಬಿಟ್ಟಿದೆ."

ಮಾಮ ಕಣ್ಣು ಮುಚ್ಚಿ ಕೇಳುವರು. ಕೊನೆಗೆ ಒಂದೇ ಮಾತು: "ಅರ್ಧ ಕಡಿಮೆ ಮಾಡಿದೆ. ಉಳಿದದ್ದು ಲಾಯ್ಕ ಉಂಟು."

ಯಾವಾಗಲೂ ಅರ್ಧ ಕಡಿಮೆ. ನಾನು ಅದಕ್ಕೇ ದುಪ್ಪಟ್ಟು ಹೇಳುತ್ತಿದ್ದೆ. ಲೆಕ್ಕ ಸರಿ ಹೋಗಬೇಕಲ್ಲ? ಒಮ್ಮೆ ಯಾರ ಮನೆಯಲ್ಲೂ ಇಲ್ಲದ ಪತ್ತೊಳಿ ಕಡುಬನ್ನು, ನಮ್ಮ ಹೌಸಿಂಗ್ ಸೊಸೈಟಿಯ ಅಧ್ಯಕ್ಷರಾದ ಚೇರ್ಮನ್ ಮಾವನ ಒಲೆಯ ಮೇಲೆ ನಾನೇ ಮಾತಿನಲ್ಲಿ ಬೇಯಿಸಿಬಿಟ್ಟೆ. ಅರಸಿನ ಎಲೆ ಬೆಂದ ವಾಸನೆ, ಬೆಲ್ಲ ಕರಗಿದ ವಾಸನೆ, ಎಲ್ಲ ಹೇಳಿದೆ. ಮಾಮ ಎದ್ದು ಚಪ್ಪಲಿ ಮೆಟ್ಟಿ ನೇರವಾಗಿ ಚೇರ್ಮನ್ ಮಾವನ ಮನೆಗೆ ಹೋಗಿ, "ಪತ್ತೊಳಿ ಮಾಡಿದ್ರಂತೆ, ಹೇಳಲೇ ಇಲ್ಲ?" ಎಂದು ಕೂತರು. ಅವರು ಪಾಪ ಬ್ರೆಡ್ಡು ಬೆಣ್ಣೆ ತಿನ್ನುತ್ತಿದ್ದರು. ಅಂದಿನಿಂದ ಸೊಸೈಟಿಯಲ್ಲಿ ನನ್ನ ಮಾತಿನ ಬೆಲೆ ಇಳಿಯಿತು. ಯಾರಾದರೂ ಗಾಳಿ ಸುದ್ದಿ ತಂದರೆ "ಇದು ಪತ್ತೊಳಿಯಾ?" ಎಂದು ಕೇಳುವುದು ರೂಢಿಯಾಯಿತು. ಈ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೂಗಿಲ್ಲದ ಮಾಮನ ಕೈಯಲ್ಲಿ ಯಾವಾಗಲೂ ಒಂದು ಗನ್ ಇರುತ್ತಿತ್ತು. ಗುಂಡು ಹಾರಿಸುವುದಲ್ಲ, ಬಿಸಿ ಅಳೆಯುವುದು. ಕುದುರೆ ಒತ್ತಿದರೆ ಕೆಂಪು ಚುಕ್ಕೆ ಬಿದ್ದು ಎಷ್ಟು ಡಿಗ್ರಿ ಎಂದು ತೋರಿಸುತ್ತದೆ. ಡಾಂಬರಿನ ಬಿಸಿ ನೋಡಲು ಇಟ್ಟುಕೊಂಡದ್ದು, ಆದರೆ ಮಾಮ ಅದನ್ನು ಯಾವುದಕ್ಕೆ ಹಿಡಿಯುತ್ತಿರಲಿಲ್ಲ ಎಂದು ಕೇಳಿ. ಚಹಾಕ್ಕೆ, ಫ್ಯಾನಿಗೆ, ಬೆಕ್ಕಿಗೆ, ರಿಕ್ಷಾದವನು ಮೀಟರ್ ಹಾಕದಿದ್ದರೆ ರಿಕ್ಷಾದವನಿಗೆ. ಕೊರೋನಾ ಕಾಲದಲ್ಲಿ ಶುರುವಾದ ಒಂದು ಅಭ್ಯಾಸ ಮಾತ್ರ ಕೊನೆವರೆಗೂ ಹೋಗಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮಾಮಿಯ ಹಣೆಗೆ ಹಿಡಿದು, "ಮೂವತ್ತನಾಲ್ಕು. ಪಾಸ್" ಎನ್ನುವರು. "ಪಾಸಾದ್ರೆ ಎಂತ ಕೊಡ್ತೀರಿ?" ಎಂದು ಮಾಮಿ. "ನಾಳೆ ಮತ್ತೆ ಪರೀಕ್ಷೆ" ಎಂದು ಮಾಮ.

ಮಾಮಿಗೆ ಆ ಗನ್ ಕಂಡರೆ ಆಗುತ್ತಿರಲಿಲ್ಲ, ಅದರಲ್ಲೂ ದೋಸೆ ಕಾವಲಿಯ ಹತ್ತಿರ ತಂದರೆ. ಒಂದು ಭಾನುವಾರ ನಾನು ಅಲ್ಲೇ ದೋಸೆಗೆ ಕಾದು ಕೂತಿದ್ದೆ. ಮಾಮ ಕೆಂಪು ಚುಕ್ಕೆ ಬಿಟ್ಟು ಹೇಳಿದರು, "ಇನ್ನೂರ ಹತ್ತು. ಈಗ ಹೊಯ್ಯಿ."

ಮಾಮಿ ಲೋಟದಿಂದ ನಾಲ್ಕು ಹನಿ ನೀರು ಚಿಮುಕಿಸಿದರು. ಚುಂಯ್ ಎಂದು ಹನಿಗಳು ಕುಣಿದು ಮಾಯವಾದವು. "ನನಗೆ ಇದು ಹೇಳಿದ ಮೇಲೆ ಹೊಯ್ಯುವುದು. ನಿಮ್ಮ ಪಿಸ್ತೂಲು ದೋಸೆ ತಿನ್ನುವುದಾದ್ರೆ ಅದಕ್ಕೆ ಬೇರೆ ಹೊಯ್ದು ಕೊಡ್ತೇನೆ."

ಒಂದು ಡಬ್ಬಿಯ ಕಥೆಯನ್ನು ಮಾಮಿ ನನಗೆ ಹೇಳಿದ್ದೂ ಆ ಅಡುಗೆಮನೆಯಲ್ಲೇ. ಮದುವೆಯಾದ ಹೊಸತು. ಮಾಮ ಸೈಟಿಗೆ ಡಬ್ಬಿ ಒಯ್ಯುತ್ತಿದ್ದರು. ಅಲ್ಲಿ ಕೂತು ಉಣ್ಣಲು ಬೇರೆ ಜಾಗವೆಲ್ಲಿ? ಒಂದು ಕಡೆ ಡಾಂಬರು ಕುದಿಯುವ ಬಾಯ್ಲರ್, ಇನ್ನೊಂದು ಕಡೆ ಈಗಷ್ಟೇ ಹಾಸಿದ ರಸ್ತೆ. ನೀಲಿ ಹೊಗೆ. ಕಣ್ಣು ಉರಿ, ಗಂಟಲು ಕೆರೆತ. ಡಬ್ಬಿ ಬಿಚ್ಚಿದರೆ ಮೆಂತೆ ಹುಳಿಯೂ ಡಾಂಬರು, ಮೆಣಸ್ಕಾಯಿಯೂ ಡಾಂಬರು. ಸಂಜೆ ಮಾಮಿ "ಹೇಗಿತ್ತು?" ಎಂದರೆ ಮಾಮ "ಲಾಯ್ಕ ಇತ್ತು" ಎನ್ನುತ್ತಿದ್ದರು. ಒಂದು ದಿನ ಅವಸರದಲ್ಲಿ ಮಾಮಿ ಹಳಸಿದ ಸಾಂಬಾರನ್ನೇ ತುಂಬಿ ಕಳಿಸಿಬಿಟ್ಟರಂತೆ. ಆಮೇಲೆ ಗೊತ್ತಾಗಿ ಇಡೀ ದಿನ ಎದೆ ಹಿಡಿದುಕೊಂಡು ಕೂತರಂತೆ. ಮೊಬೈಲ್ ಇಲ್ಲದ ಕಾಲ. ಸಂಜೆ ಮಾಮ ಬಂದು ಶೂ ಬಿಚ್ಚುತ್ತಾ, "ಇವತ್ತಿನ ಸಾಂಬಾರು ಭಾರೀ ಲಾಯ್ಕ ಇತ್ತು ಮಾರಾಯ್ತಿ" ಎಂದರು.

"ನಾನು ಒಳಗೆ ಹೋಗಿ ಅತ್ತುಬಿಟ್ಟೆ" ಎಂದರು ಮಾಮಿ. "ಬೆಳಿಗ್ಗೆ ಐದಕ್ಕೆ ಎದ್ದು ನಾನು ಬೇಯಿಸುವುದು ಯಾರಿಗೆ ಅಂತ ಆಯಿತು."

ಇದನ್ನು ನಾನು ಲಟ್ಟಿಸಿಲ್ಲ.

ಮಾಮನ ಹಂಬಲ ಶುರುವಾದದ್ದು ಅಲ್ಲಿಂದ. ದೊಡ್ಡ ಹೈವೇ, ಫ್ಲೈಓವರ್ ಹಾಕಿಸಬೇಕು ಎಂಬ ಆಸೆ ಅವರಿಗಿರಲಿಲ್ಲ. "ನಾನು ಒಂದು ರಸ್ತೆ ಹಾಕಬೇಕು. ಹಾಕ್ತಾ ಇರುವಾಗ ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚಿದ್ರೆ ಡಬ್ಬಿಯದ್ದೇ ವಾಸನೆ ಬರಬೇಕು. ಅಷ್ಟು ಸಾಕು" ಎನ್ನುವರು. ಕೇಳಿದವರು ನಗುವರು. ನಾನೂ ನಕ್ಕಿದ್ದೇನೆ.

ಅದಕ್ಕಾಗಿ ಅವರು ಮಾಡಿದ ಪ್ರಯೋಗಗಳು ಒಂದೆರಡಲ್ಲ. ರಸ್ತೆ ಹಾಸುವ ಮುಂಚೆ ರಸ್ತೆಗಳು ಕೂಡುವ ನಾಕಾದ ಮೂಲೆಯಲ್ಲಿ ನಿಂತು ಊದುಬತ್ತಿ ಹಚ್ಚುವರು. ಅದರ ಹೊಗೆ ಯಾವ ಕಡೆ ಬಾಗುತ್ತದೋ ನೋಡಿ, ಕೆಲಸದವರನ್ನೆಲ್ಲ ಅದರ ಎದುರು ಕಡೆ ನಿಲ್ಲಿಸುವರು, ಗಾಳಿ ಹೊಗೆಯನ್ನು ಅವರ ಮುಖಕ್ಕೆ ತರಬಾರದು ಎಂದು. ಆದರೆ ಕೆಲಸದವರು ಅದನ್ನು ಪೂಜೆ ಎಂದು ತಿಳಿದು ಕೈ ಮುಗಿದರು. ಎರಡನೆಯ ದಿನ ತೆಂಗಿನಕಾಯಿ ಬಂತು. ಮೂರನೆಯ ದಿನ ರೋಲರಿಗೆ ಕುಂಕುಮ, ಹೂವಿನ ಹಾರ. ಮಾಮ ವಿವರಿಸಲು ಹೋಗಲಿಲ್ಲ. "ಸರಿಯಾದ ಕಡೆ ನಿಂತ್ರಲ್ಲ, ಸಾಕು. ಪ್ರಸಾದವೂ ಸಿಕ್ತು."

ಇನ್ನೊಂದು, ಡೀಸೆಲ್. ಸಲಿಕೆಗೆ ಡಾಂಬರು ಅಂಟಬಾರದೆಂದು ಕೆಲಸದವರು ಡೀಸೆಲ್ ಸವರುತ್ತಾರೆ. ಬಿಸಿ ಡಾಂಬರಿಗೆ ಅದು ತಾಗಿದರೆ ಮತ್ತೊಂದು ಹೊಗೆ. ಡೀಸೆಲ್ ಬಿಡಿಸಿ ಅಡುಗೆ ಎಣ್ಣೆ ಸವರಿಸೋಣ ಎಂದು ಮಾಮ ಚೇರ್ಮನ್ ಮಾವನ ಹೋಟೆಲಿನಿಂದ ಬೋಂಡ ಕರಿದು ಬಿಟ್ಟ ಎಣ್ಣೆ ಒಯ್ದರು. ಕಲ್ಯಾಣ್ ಸ್ಟೇಷನ್ ಹತ್ತಿರ ಅವರ ಹೋಟೆಲಿದೆ. ಎಣ್ಣೆ ಕೆಲಸವೇನೋ ಮಾಡಿತು. ಆದರೆ ಬಿಸಿ ತಾಗಿದ ಕೂಡಲೇ ಇಡೀ ರಸ್ತೆ ಬೋಂಡದ ವಾಸನೆ ಹೊಡೆಯಿತು. ಮೂಗಿಲ್ಲದ ಮಾಮನಿಗೆ ತಿಳಿಯುವುದು ಹೇಗೆ? ರೋಲರಿನ ಹಿಂದೆ ನಾಯಿಗಳ ಮೆರವಣಿಗೆ ಹೊರಟಿತು. ವಾಶಿಯಿಂದ ಎರಡು ನಾಯಿಗಳು ಹಾರ್ಬರ್ ಲೈನಿನ ಲೋಕಲ್ ರೈಲು ಹಿಡಿದು ಬಂದಿದ್ದವು ಎಂದು ನಾನು ಹೇಳುತ್ತೇನೆ, ನೀವು ಅರ್ಧ ಕಡಿಮೆ ಮಾಡಿಕೊಳ್ಳಿ.

ಈ ಸುದ್ದಿ ತಂದವನು ರೋಲರ್ ಓಡಿಸುವ ಅಣ್ಣ, ವಿಜಯಪುರ ಕಡೆಯವನು. "ಸಾಹೇಬ್ರ, ನಾಯಿಗೋಳು ರೋಡ್ ನೆಕ್ಕಾಕತ್ತಾವ್ರೀ!" ಎಂದು ಕೂಗಿ ಹೇಳಿದನಂತೆ. ಒಮ್ಮೆ ಗಣಪತಿ ಹಬ್ಬಕ್ಕೆ ಮಾಮನ ಮನೆಗೆ ಬಂದಿದ್ದ. ನಗುವ ಮುಂಚೆ ಕೆಮ್ಮುತ್ತಿದ್ದ, ನಕ್ಕ ಮೇಲೂ ಕೆಮ್ಮುತ್ತಿದ್ದ. ರೋಲರಿನ ಸದ್ದು ಅದರ ಮುಂದೆ ಏನೂ ಅಲ್ಲ. ಅವನು ಹೋದ ಮೇಲೆ ಮಾಮ ಗ್ರಿಲ್ಲಿಗೆ ಒರಗಿ ನಿಂತು ನನಗೆ ಹೇಳಿದರು: "ಮಾಮಿ ಕೊಟ್ಟ ಪಂಚಕಜ್ಜಾಯ ಕೈಗೆ ಬರುವ ಮುಂಚೆಯೇ ಅವ ಎಳ್ಳು ಅಂತ ಹೇಳಿದ, ನೋಡಿದ್ಯಾ? ನನ್ನದು ಹೋಯ್ತು. ಅವನದ್ದು ಇನ್ನೂ ಉಂಟು."

ಕೊನೆಗೆ ಅವರು ಹಿಡಿದ ದಾರಿ ಬಹಳ ಸರಳ. ಅದನ್ನು ನನಗೆ ವಿವರಿಸಿದ್ದು ಹೀಗೆ:

"ಬಾಣಲೆಯ ಎಣ್ಣೆ ಹೊಗೆ ಕಾರಿದ್ರೆ ನೀನು ಎಂತ ಮಾಡ್ತಿ?"

"ಗ್ಯಾಸ್ ಸಣ್ಣ ಮಾಡ್ತೇನೆ."

"ಅಷ್ಟೇ. ಇಷ್ಟು ಹೇಳ್ಲಿಕ್ಕೆ ಕಂಪೆನಿಯಲ್ಲಿ ನನ್ನ ತಲೆ ಬೋಳಾಯ್ತು."

ಸಮಸ್ಯೆ ಏನೆಂದರೆ ಉರಿ ಸಣ್ಣ ಮಾಡಿದರೆ ಡಾಂಬರು ದಪ್ಪವಾಗಿಯೇ ಉಳಿಯುತ್ತದೆ, ಜಲ್ಲಿಗೆ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಒಂದು ಮದ್ದು ಇದೆ. ಸ್ವಲ್ಪ ಬೆರೆಸಿದರೆ ಕಡಿಮೆ ಬಿಸಿಯಲ್ಲೂ ಡಾಂಬರು ಕಲ್ಲನ್ನು ಅಪ್ಪಿಕೊಳ್ಳುತ್ತದೆ. ನೂರ ಅರವತ್ತರ ಮೇಲೆ ಕಾಯಿಸುವುದನ್ನು ನೂರ ಮೂವತ್ತಕ್ಕೆ ಇಳಿಸಬಹುದು. ಹೊಗೆ ಬಹುಪಾಲು ಏಳುವುದೇ ಇಲ್ಲ. ಬೇರೆ ಊರುಗಳಲ್ಲಿ ಮಾಡುತ್ತಾರೆ, ಮಾಮ ಕಂಡುಹಿಡಿದದ್ದೇನೂ ಅಲ್ಲ. ಆದರೆ ಅವರ ಬಾಸ್ ವರ್ಷಗಟ್ಟಲೆ ಒಂದೇ ಮಾತು ಹೇಳಿದರಂತೆ: "ಧುವಾ ನಹೀ ದಿಖೇಗಾ ತೋ ಪಬ್ಲಿಕ್ ಬೋಲೇಗಾ ಮಾಲ್ ಠಂಡಾ ಹೈ." ಹೊಗೆ ಕಾಣದಿದ್ದರೆ ಜನ ಮಾಲು ತಣ್ಣಗಿದೆ ಎನ್ನುತ್ತಾರೆ.

ಮಾಮ ರಿಟೈರ್ ಆಗುವ ಬೇಸಿಗೆ ಬಂತು. ಅದೇ ಬೇಸಿಗೆಯಲ್ಲಿ ನಮ್ಮ ಸೊಸೈಟಿಯ ಒಳರಸ್ತೆಯ ಕೆಲಸ ಅವರ ಕಂಪೆನಿಗೇ ಸಿಕ್ಕಿತು. ಬಾಸ್ ಕೊನೆಗೆ ಒಪ್ಪಿದರು. ಒಂದು ಸಲ, ಒಂದೇ ಸಲ, ನಿಮ್ಮ ಸೊಸೈಟಿಯಲ್ಲೇ ಮಾಡಿ. ಬೈಗುಳ ಬಿದ್ದರೆ ನಿಮ್ಮ ಮನೆ ಬಾಗಿಲಿಗೇ ಬೀಳಲಿ. ಒಬ್ಬರಿಂದ ಕಂಪ್ಲೇಂಟ್ ಬಂದರೂ ಮದ್ದಿನ ಡ್ರಮ್ಮು ವಾಪಸ್, ಇನ್ನು ಈ ಮಾತು ಎತ್ತಬಾರದು.

"ಇದು ಹೋದ್ರೆ ಹೋಯ್ತು, ಹೆಣ್ಣೇ" ಎಂದರು ಮಾಮ. ಆ ಸಂಜೆ ಯಾರ ಮನೆಯಲ್ಲಿ ಏನು ಅಡುಗೆ ಎಂದು ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಡಂಪರ್ ಬಂತು. ಮೇಲೆ ತಾಡಪತ್ರಿ, ಅಂದರೆ ಟಾರ್ಪಾಲು, ಬಿಗಿದು ಕಟ್ಟಿತ್ತು, ಬಿಸಿ ಹೋಗಬಾರದು, ಹೊಗೆ ಏಳಬಾರದು ಎಂದು. ನಮ್ಮ ಆರೂ ಬಿಲ್ಡಿಂಗ್‌ಗಳ ಜನ ಯುದ್ಧಕ್ಕೆ ಸಿದ್ಧರಾಗಿದ್ದರು. ಕಿಟಕಿ ಮುಚ್ಚಿ, ಬಟ್ಟೆ ಒಳಗೆ ತಂದು, ಮೂಗಿಗೆ ಕರವಸ್ತ್ರ ಕಟ್ಟಿ ಗ್ಯಾಲರಿಯಲ್ಲಿ ನಿಂತಿದ್ದರು. ಎರಡನೆಯ ಮಾಳಿಗೆಯ ಆಜಿ ಈಜುವ ಕನ್ನಡಕ ಹಾಕಿದ್ದರು. ತಾಡಪತ್ರಿ ತೆಗೆದರು. ಎಲ್ಲರೂ ಉಸಿರು ಬಿಗಿಹಿಡಿದರು.

ಏನೂ ಏಳಲಿಲ್ಲ. ತೆಳ್ಳಗೆ ಒಂದು ಎಳೆ ಹಬೆ, ಅಷ್ಟೇ.

ಜನ ಉಸಿರು ಬಿಟ್ಟು ಖುಷಿಪಡುತ್ತಾರೆ ಎಂದು ನೀವು ತಿಳಿದಿದ್ದರೆ ನಿಮಗೆ ಹೌಸಿಂಗ್ ಸೊಸೈಟಿ ಗೊತ್ತಿಲ್ಲ. ಚೇರ್ಮನ್ ಮಾವ ಲುಂಗಿ ಎತ್ತಿ ಕಟ್ಟಿ ಇಳಿದು ಬಂದರು.

"ಎಂತ ಇದು? ಹೊಗೆ ಎಲ್ಲಿ?"

"ಹೊಗೆ ಇಲ್ಲ. ಅದೇ ವಿಶೇಷ" ಎಂದರು ಮಾಮ.

"ವಿಶೇಷವಾ? ನನ್ನ ಹೋಟೆಲಿನಲ್ಲಿ ಹಬೆ ಏಳದ ಇಡ್ಲಿ ಇಟ್ರೆ ಗಿರಾಕಿ ಪ್ಲೇಟು ವಾಪಸ್ ಕಳಿಸ್ತಾನೆ. ನೀವು ನಮ್ಮದೇ ಸೊಸೈಟಿಗೆ ತಂಗಳು ತಂದು ಹಾಕ್ತೀರಾ? ಮೊನ್ನೆ ಎಲ್ಲಿಯೋ ಉಳಿದ ಮಾಲು ಇದು. ಪರಸೋಂ ಕಾ ಮಾಲ್!"

"ತಂಗಳಲ್ಲ ಮಾರಾಯ್ರೆ, ನೂರ ಇಪ್ಪತ್ತೆಂಟು ಡಿಗ್ರಿ ಉಂಟು. ನೋಡಿ." ಮಾಮ ಗನ್ ಹಿಡಿದು ತೋರಿಸಿದರು.

"ಗನ್ ನಿಮ್ಮದು, ಮಾಲು ನಿಮ್ಮದು. ಅದು ಮತ್ತೇನು ಹೇಳ್ತದೆ? ವಾಪಸ್ ಒಯ್ಯಿರಿ."

ಮೇಲಿನಿಂದಲೂ "ಬರೋಬರ್ ಆಹೇ! ಪರತ್ ಪಾಠವಾ!" ಎಂದು, ವಾಪಸ್ ಕಳಿಸಿ ಎಂಬ ಮರಾಠಿ ಕೂಗು ಎದ್ದಿತು. ಡ್ರೈವರ್ ಇಂಜಿನ್ ಶುರು ಮಾಡಿ ಕೂತ. ತಡವಾದಷ್ಟೂ ಮಾಲು ಆರುತ್ತದೆ, ಆರಿದರೆ ಡಂಪರಿನಲ್ಲೇ ಕಲ್ಲಾಗುತ್ತದೆ. ಆಗ ಚೇರ್ಮನ್ ಮಾವ ಹೇಳಿದ್ದೇ ನಿಜವಾಗುತ್ತದೆ. ಮಾಮನ ಮೂಗಿನ ತುದಿಯಲ್ಲಿ ಬೆವರಿನ ಹನಿ ನಿಂತಿತ್ತು, ಬೀಳಲು ಅದಕ್ಕೂ ಧೈರ್ಯವಿರಲಿಲ್ಲ. ಅವರು ನನ್ನತ್ತ ತಿರುಗಿದರು.

"ಹೆಣ್ಣೇ, ಇಲ್ಲಿ ಬಾ. ಮೂಸಿ ನೋಡು. ಹಳೇ ಮಾಲಿಗೂ ಇದಕ್ಕೂ ಎಂತ ವ್ಯತ್ಯಾಸ ಅಂತ ಎಲ್ಲರಿಗೂ ಹೇಳು. ಇದ್ದದ್ದು ಇದ್ದ ಹಾಗೆ."

ನಾನು ಹತ್ತಿರ ಹೋಗಿ ಮೂಸಿದೆ. ಡಾಂಬರಿನ ವಾಸನೆ ಇತ್ತು, ಆದರೆ ಸ್ವಲ್ಪ. ಕಣ್ಣು ಉರಿಯಲಿಲ್ಲ, ಗಂಟಲು ಹಿಡಿಯಲಿಲ್ಲ. "ಕಡಿಮೆ ವಾಸನೆ ಇದೆ. ಮುಖಕ್ಕೆ ಬಿಸಿ ಹೊಡೀತದೆ. ಮಾಲು ಬಿಸಿ ಉಂಟು" ಎಂದೆ. ಜೀವನದಲ್ಲಿ ಮೊದಲ ಸಲ ಒಂದು ಮಾತನ್ನೂ ಎಳೆಯದೆ ಹೇಳಿದೆ.

ಮೊದಲ ಮಾಳಿಗೆಯಿಂದ ಯಾರೋ ಕೂಗಿದರು: "ಪತ್ತೊಳಿ!"

ಆರೂ ಬಿಲ್ಡಿಂಗ್ ನಕ್ಕಿತು. ನಾನು ಎಲ್ಲರನ್ನೂ ಎಷ್ಟೋ ಸಲ ನಗಿಸಿದ್ದೇನೆ. ಆ ನಗು ಮಾತ್ರ ನನಗೆ ಬೇಡವಾಗಿತ್ತು. ಮಾಮ ನನ್ನ ಭುಜ ತಟ್ಟಿ, "ಇರ್ಲಿ ಬಿಡು" ಎಂದರು. ಡ್ರೈವರಿಗೆ ಕೈಯೆತ್ತಿ ಹಿಂದೆ ಹೋಗು ಎಂದು ಸನ್ನೆ ಮಾಡುವುದರಲ್ಲಿದ್ದರು.

ಆಗ ಮೆಟ್ಟಿಲ ಬಾಗಿಲಲ್ಲಿ ಮಾಮಿ. ನೈಟಿ ಮೇಲೆ ಟವಲು, ಕೈಯಲ್ಲಿ ಸ್ಟೀಲ್ ಲೋಟ. ಯಾರ ಮುಖವನ್ನೂ ನೋಡದೆ ನೇರ ಡಂಪರಿನ ಹತ್ತಿರ ಬಂದು ರೋಲರ್ ಅಣ್ಣನಿಗೆ ಹೇಳಿದರು: "ಒಂದು ಸಲಿಕೆ ತೆಗೆದು ಹಿಡಿ."

ಅವನು ಹಿಡಿದ. ಮಾಮಿ ಚೇರ್ಮನ್ ಮಾವನತ್ತ ತಿರುಗಿದರು. "ನಿಮ್ಮ ಹೋಟೆಲಿನಲ್ಲಿ ಕಾವಲಿ ಕಾದಿದ್ಯಾ ಅಂತ ನೋಡುವುದು ಹೇಗೆ?"

"ಹೇಗೆ ಅಂದ್ರೆ... ನೀರು ಚಿಮುಕಿಸುವುದು."

ಮಾಮಿ ಚಿಮುಕಿಸಿದರು.

ಚುಂಯ್‌ಯ್‌ಯ್!

ಆ ಸದ್ದು ಆರನೆಯ ಬಿಲ್ಡಿಂಗಿನ ಟೆರೇಸಿಗೆ ಕೇಳಿಸಿತು ಎಂದರೆ ದಯವಿಟ್ಟು ಇದೊಂದನ್ನು ಅರ್ಧ ಮಾಡಬೇಡಿ. ಹನಿಗಳು ಕಪ್ಪು ಜಲ್ಲಿಯ ಮೇಲೆ ಕುದಿದು ಆವಿಯಾದವು. ಮಾಮಿ ಲೋಟವನ್ನು ಚೇರ್ಮನ್ ಮಾವನ ಮುಂದೆ ಹಿಡಿದರು. "ಬೇಕಾದ್ರೆ ನೀವೂ ನೋಡಿ. ತಂಗಳಾ? ದೋಸೆ ಹೊಯ್ದು ತೋರಿಸ್ಲಾ?"

ಚೇರ್ಮನ್ ಮಾವ ತಾವೇ ಎರಡು ಹನಿ ಹಾಕಿದರು. ಚುಂಯ್. ಮತ್ತೆರಡು. ಚುಂಯ್. ಸಲಿಕೆಯನ್ನೇ ನೋಡುತ್ತಾ ನಿಂತರು. ಹೋಟೆಲಿನವರು ಆ ಸದ್ದನ್ನು ನಂಬದೆ ಇರಲಾರರು. "ಹೊಗೆ ಇಲ್ಲದೆ ಇಷ್ಟು ಬಿಸಿ ಹೇಗೆ ಮಾರಾಯ್ರೆ?" ಎಂದರು, ಈ ಸಲ ನಿಜವಾಗಿ ತಿಳಿಯಬೇಕು ಎಂಬಂತೆ.

"ಎಣ್ಣೆ ಸುಡುವ ಮುಂಚೆ ಇಳಿಸಿದ್ದೇವೆ" ಎಂದರು ಮಾಮ. ಆದರೆ ಅವರು ನೋಡುತ್ತಿದ್ದದ್ದು ಮಾಮಿಯನ್ನು. ಮಾಮಿ ಟವಲು ಸರಿಮಾಡಿಕೊಂಡು, "ಗ್ಯಾಸಿನ ಮೇಲೆ ಹಾಲು ಉಂಟು" ಎಂದು ಹೊರಟೇಬಿಟ್ಟರು.

ರಸ್ತೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಮುಗಿದಿತ್ತು. ರೋಲರ್ ಅಣ್ಣ ಮೂಲೆಗೆ ಹೋಗಲಿಲ್ಲ, ಗೇಟಿನಾಚೆಗೂ ಹೋಗಲಿಲ್ಲ. ಈಗಷ್ಟೇ ಉರುಳಿಸಿದ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತು ಡಬ್ಬಿ ತೆಗೆದ. ಮಾಮ ಅವನ ಪಕ್ಕ ಹೋಗಿ ಕುಕ್ಕರುಗಾಲಲ್ಲಿ ಕೂತು ನನ್ನನ್ನು ಕರೆದರು.

"ನೀನು ನೋಡಬೇಡ. ಆ ಕಡೆ ತಿರುಗು. ಅಣ್ಣ ಈಗ ಡಬ್ಬಿ ಬಿಚ್ತಾನೆ. ಎಂತ ಉಂಟು, ಹೇಳು."

ನಾನು ರಸ್ತೆಗೆ ಮುಖ ಮಾಡಿ ನಿಂತೆ. ಹೊಸ ಡಾಂಬರಿನ ಬಿಸಿ ಕಾಲಿಗೆ ತಾಗುತ್ತಿತ್ತು. ಹಿಂದಿನಿಂದ ಮುಚ್ಚಳ ಬಿಚ್ಚಿದ ಸದ್ದು. ಆಮೇಲೆ, ಬಂತು.

"ಜೋಳದ ರೊಟ್ಟಿ" ಎಂದೆ. "ಶೇಂಗಾ ಹಿಂಡಿ. ಅದರಲ್ಲಿ ಬೆಳ್ಳುಳ್ಳಿ. ಮತ್ತೆ ಯಾವುದೋ ಹುಳಿ ಸೊಪ್ಪು."

"ಪುಂಡಿಪಲ್ಲೆರೀ!" ಎಂದು ರೋಲರ್ ಅಣ್ಣ ತೊಡೆ ತಟ್ಟಿದ. "ಏ ತಂಗಿ, ಬರೋಬ್ಬರಿ ಹೇಳಿದಿ ನೋಡು!"

ಮಾಮ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಅರ್ಧ ಕಡಿಮೆ ಮಾಡ್ಲಿಕ್ಕೆ ಉಂಟಾ?"

"ಇಲ್ಲ ಮಾಮ. ಪೂರ್ತಿ."

ರೋಲರ್ ಅಣ್ಣ ರೊಟ್ಟಿ ಮುರಿದು ಅವರಿಗೆ ಕೊಟ್ಟ. ಮಾಮ ಹಿಂಡಿ ಹಚ್ಚಿಕೊಂಡು ತಿಂದರು. ಅವರಿಗೆ ಖಾರ ಮಾತ್ರ ತಿಳಿದಿರಬೇಕು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅದನ್ನೇ ಕಾರಣ ಮಾಡಿದರು.

ಕಳೆದ ಚಳಿಗಾಲದಲ್ಲಿ ಮಾಮ ತೀರಿಕೊಂಡರು. ಹೃದಯದ ತೊಂದರೆ. ಕಲ್ಯಾಣದ ಆಸ್ಪತ್ರೆ ತಲುಪುವ ಮೊದಲೇ. ರೋಲರ್ ಅಣ್ಣ ಬಂದಿದ್ದ. ಡಾಂಬರು ಕಲಸುವ ಪ್ಲಾಂಟಿನಲ್ಲಿ ಮದ್ದಿನ ಡ್ರಮ್ಮು ಇನ್ನೂ ಇದೆಯಂತೆ, ಕೆಲವು ರಸ್ತೆಗಳಿಗೆ ಹಾಕುತ್ತಾರಂತೆ. ಅದನ್ನು ಮಾಮಿಗೆ ಎರಡು ಸಲ ಹೇಳಿದ.

ನಮ್ಮ ರಸ್ತೆ ಮಳೆಗಾಲವನ್ನು ಚೆನ್ನಾಗಿ ತಾಳಿತ್ತು. ತಾಳಿದ ರಸ್ತೆಯನ್ನು ಸುಮ್ಮನೆ ಬಿಡುವ ಊರೇ ಇದು? ಕಳೆದ ತಿಂಗಳು ನೀರಿನ ಪೈಪಿಗೆಂದು ಅಗೆದರು. ಮುಚ್ಚಲು ಬಂದವರು ಬೇರೆ ಯಾರೋ. ಗೇಟಿನ ಹತ್ತಿರ ಸೌದೆ ಒಟ್ಟಿ, ಮೇಲೆ ಡ್ರಮ್ಮು ಇಟ್ಟು ಡಾಂಬರು ಕಾಯಿಸತೊಡಗಿದರು. ನೀಲಿ ಹೊಗೆ ಮೂರನೆಯ ಮಾಳಿಗೆಯ ನಮ್ಮ ಮನೆಗೆ ಬಂತು. ನಾನು ಗ್ಯಾಲರಿಗೆ ಓಡಿ ಬಂದಾಗ ಕೆಳಗೆ ಚೇರ್ಮನ್ ಮಾವ ಆಗಲೇ ಲುಂಗಿ ಕಟ್ಟಿ ನಿಂತಿದ್ದರು.

"ಕ್ಯಾ ಹೈ ಯೇ? ಇತ್ನಾ ಧುವಾ? ಮಾಲ್ ಜಲಾ ದಿಯಾ ತುಮ್ ಲೋಗ್! ಹೊಗೆ ಬಂದ್ರೆ ಮಾಲು ಕರಕಲು ಅಂತ ಅಷ್ಟೂ ಗೊತ್ತಿಲ್ವಾ?"

ನಾನು ಇಳಿದು ಹೋಗುವಷ್ಟರಲ್ಲಿ ಮಾಮಿ ನನಗಿಂತ ಮುಂಚೆ ಅಲ್ಲಿದ್ದರು. ಈ ಸಲ ಕೈಯಲ್ಲಿ ಲೋಟ ಇರಲಿಲ್ಲ. ಗನ್ ಇತ್ತು. ಎರಡೂ ಕೈಯಲ್ಲಿ ಹಿಡಿದು ಡ್ರಮ್ಮಿಗೆ ಗುರಿಯಿಟ್ಟರು. ಕೆಲಸದವರು ಕೈ ಮೇಲೆತ್ತಿದರು. ಸರಿ, ಒಬ್ಬ ಎತ್ತಿದ.

"ನೂರ ತೊಂಬತ್ತು" ಎಂದು ನಾನು ಓದಿ ಹೇಳಿದೆ.

"ಆಗ್ ಕಮ್ ಕರೋ ಭಯ್ಯಾ" ಎಂದರು ಮಾಮಿ. "ಇತ್ನಾ ನಹೀ ಮಂಗ್ತಾ. ತುಮಾರಾ ನಾಕ್ ಚಲಾ ಜಾಯೇಗಾ."

ಉರಿ ಸಣ್ಣ ಮಾಡದಿದ್ದರೆ ಮೂಗು ಹೋಗುತ್ತದೆ ಎಂದದ್ದಕ್ಕೆ ಕೆಲಸದವರು ಎರಡು ಕೊಳ್ಳಿ ಹೊರಗೆಳೆದರು. ಚೇರ್ಮನ್ ಮಾವ ಮನೆಗೆ ಓಡಿ, ಸತ್ಯನಾರಾಯಣ ಪೂಜೆಯ ಅಡುಗೆಗೆ ಹೋಟೆಲಿನಿಂದ ತಂದಿದ್ದ ದೊಡ್ಡ ಪಾತ್ರೆಯ ಮುಚ್ಚಳ ತಂದು ಡ್ರಮ್ಮಿನ ಮೇಲೆ ಮುಚ್ಚಿದರು. ಹೊಗೆ ನಿಂತಿತು ಎಂದರೆ ಲಟ್ಟಿಸಿದಂತೆ ಆಗುತ್ತದೆ. ಕಡಿಮೆಯಾಯಿತು.

ವಾಪಸ್ ಮೇಲೆ ಹತ್ತುವಾಗ ಎರಡನೆಯ ಮಾಳಿಗೆಯ ತಿರುವಿನಲ್ಲಿ ಮಾಮಿ ಉಸಿರು ತೆಗೆದುಕೊಳ್ಳಲು ನಿಂತರು. ಸ್ವಲ್ಪ ಹೊತ್ತು ಗನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅದನ್ನು ತಮ್ಮ ಹಣೆಗೇ ಹಿಡಿದು ಕುದುರೆ ಒತ್ತಿದರು.

"ಎಷ್ಟು ಉಂಟು ನೋಡು. ನನ್ನ ಕನ್ನಡಕ ಮೇಲೆ ಉಂಟು."

ನಾನು ನೋಡಿದೆ.

"ಮೂವತ್ತನಾಲ್ಕು" ಎಂದೆ. "ಪಾಸ್, ಮಾಮಿ."